ಝೀರೋ ನೋಡಿ

ಝೀರೋ ನೋಡಿ, ಅಂದೆ.
ನೋಡಿದರು.
ಕೆಲಸಕ್ಕೆ ಸೇರಿ ಹತ್ತೊಂಬತ್ತು ದಿನ;
ಕಲಿಸಿಕೊಟ್ಟದ್ದು ಅದೊಂದೇ ಮಾತು.
ಗಿರಾಕಿಯ ಕಣ್ಣು ಮೊದಲು ಸೊನ್ನೆಗೆ ತಾಗಬೇಕು,
ಬಾಕಿಯದೆಲ್ಲ ಆಮೇಲೆ.

ಜೂನ್ ತಿಂಗಳು. ಬಂದಿ ಕಾಲ.
ಬೈತಖೋಲದಲ್ಲಿ ಬೋಟುಗಳೆಲ್ಲ
ತಾಡಪತ್ರಿ ಹೊದ್ದು ಮಲಗಿದ್ದವು.
ದಡದಲ್ಲಿ ಕೂತ ಗಣಬಾ ತಾಂಡೇಲರಿಗೆ ಕೈ ಸುಮ್ಮನಿರದೆ
ಅಂಕೋಲೆಯಿಂದ ಒಂದು ಹಳೆ ಕಾರು ತಂದಿದ್ದರು,
ಬಿಳಿ ಬಣ್ಣ, ಎಡ ಬಾಗಿಲಿಗೆ ತರಚು ಗಾಯ.
ಹಿಂದಿನ ಸೀಟಿನಲ್ಲಿ ಹೆಂಡತಿ, ಮಡಿಲಲ್ಲಿ ಮೆಂತ್ಯದುಂಡೆಯ ಡಬ್ಬ,
ಮಾದನಗೇರಿಯಲ್ಲಿ ಯಾರೋ ಬಾಳಂತಿ.

"ಡೀಸೆಲ್. ಫುಲ್."
ಹೇಗೆ ಹೇಳಿದರೆಂದರೆ,
ಭಟ್ಟರು ಹೂವು ಎಸೆಯುತ್ತ
ಬೇರೆಲ್ಲೋ ನೋಡುತ್ತ ಮಂತ್ರ ಹೇಳುತ್ತಾರಲ್ಲ, ಹಾಗೆ.
ಮೂವತ್ತೊಂದು ವರ್ಷ ಬಂದರಿನಲ್ಲಿ
ಬ್ಯಾರಲ್ಲು ಬ್ಯಾರಲ್ಲಾಗಿ ಹೇಳಿದ ಮಾತು.
ಅಂಗಿಯೂ ಅದನ್ನೇ ಹೇಳುತ್ತಿತ್ತು,
ತೊಳೆದರೂ ಹೋಗದ ವಾಸನೆ.
ನಾನು ಯಾಕೆ ಕೇಳಲಿ ಎರಡನೇ ಸಲ?

ಕಾರು ಮಾತ್ರ ಬೇಡ ಅಂದಿತ್ತು.
ಇದನ್ನು ಯಾರಿಗೂ ಹೇಳಿರಲಿಲ್ಲ:
ಡೀಸೆಲ್ಲಿನ ಮೂತಿ ಅದರ ಬಾಯಿಗೆ ದಪ್ಪ,
ಒಳಗೆ ಹೋಗಲೇ ಇಲ್ಲ.
ಹಲ್ಲು ಕಚ್ಚಿದ ಮಗುವಿಗೆ ಮೂಗು ಹಿಡಿದು
ಔಷಧಿ ಕುಡಿಸುವ ಹಾಗೆ
ಓರೆ ಹಿಡಿದು, ತುಟಿಗೆ ತಾಗಿಸಿ, ನಿಧಾನ ಸುರಿದೆ.
ಹಳೆ ಗಾಡಿ, ಹೀಗೇ ಇರಬೇಕು ಅಂದುಕೊಂಡೆ.
ಚೆಲ್ಲಿದ ನಾಲ್ಕು ಹನಿಯನ್ನು ಒರೆಸಿಯೂ ಬಿಟ್ಟೆ.
ಇಪ್ಪತ್ತೆಂಟು ಲೀಟರ್.

ಚಿಲ್ಲರೆ ಇರಲಿ ಅಂದರು, ಹೋದರು.
ಕಾರು ಓಡಿತು ಕೂಡ!
ಪೈಪಿನಲ್ಲಿ ಹಳೆ ಪೆಟ್ರೋಲು ಉಳಿದಿರುವ ತನಕ
ತಪ್ಪು ಯಾರಿಗೂ ಗೊತ್ತಾಗುವುದಿಲ್ಲ.
ಬಿಣಗಾ ಏರಿನಲ್ಲಿ ಕೆಮ್ಮಿತಂತೆ.
ಬಿಳಿ ಹೊಗೆ, ಇನ್ನೊಂದು ಕೆಮ್ಮು, ನಡುಕ,
ಆಮೇಲೆ ಹಿಂದಿದ್ದ ಗ್ಯಾಸ್ ಟ್ಯಾಂಕರಿನ ಹಾರನ್ನು ಮಾತ್ರ.

ಇನಾಸ್ ಮೆಕ್ಯಾನಿಕ್ ಹಗ್ಗ ಕಟ್ಟಿ ಎಳೆದು ತಂದ,
ಬಂಕಿನ ಹಿಂಬದಿಗೆ.
ಟ್ಯಾಂಕಿನಡಿ ಬಕೆಟ್ಟಿಟ್ಟು, ಬೆರಳದ್ದಿ, ಮೂಸಿ,
ಆ ಬೆರಳನ್ನು ನನ್ನತ್ತ ಹಿಡಿದ.
ಏನೂ ಹೇಳಲಿಲ್ಲ.

ಮ್ಯಾನೇಜರ್ ಹೇಳಿದರು: ನಿನ್ನ ಪಗಾರದಲ್ಲಿ ಮುರಿಯುತ್ತೇನೆ.
ತಾಂಡೇಲರು ಹೇಳಿದರು: ಕೈ ಅವಳದು, ಸರಿ,
ನಾಲಿಗೆ ನನ್ನದಲ್ಲವಾ?
ಹೆಂಡತಿ, ಛತ್ರಿಯಡಿ, ಡಬ್ಬ ಹಾಗೇ ಕಂಕುಳಲ್ಲಿ:
"ಆ ನಾಲಿಗೆ ನನಗೆ ಗೊತ್ತು ಮಾರಾಯ್ತಿ.
ನಿದ್ದೆಗಣ್ಣಲ್ಲಿ ನನ್ನನ್ನು ಕರೆಯಲು ಹೋಗಿ
ಬೋಟಿನ ಹೆಸರು ಹಿಡಿದು ಕರೆದಿದ್ದಾರೆ, ಎಷ್ಟು ಸಲ!
ನಾನು ಓಗೊಟ್ಟಿದ್ದೇನೆ."

ಇನಾಸ್ ಒಬ್ಬನೇ ನಕ್ಕ.
ಬಾಳಂತಿಗೆ ಇನ್ನೊಂದು ದಿನ ಮಾಡಿದರಾಯಿತು ಅಂತ
ಅವರು ಡಬ್ಬ ಬಿಚ್ಚಿ ಎಲ್ಲರಿಗೂ ಒಂದೊಂದು ಕೊಟ್ಟರು.
ನನ್ನ ಪಾಲಿನ ಉಂಡೆಗೆ ಡೀಸೆಲ್ ರುಚಿ.
ಪೂರ್ತಿ ತಿಂದೆ.

ಬೆರಕೆ ಎಣ್ಣೆಯನ್ನು ಇನಾಸ್ ಕ್ಯಾನಿಗೆ ತುಂಬಿಕೊಂಡ.
ಬೋಟಿಗೂ ಆಗದು, ಕಾರಿಗೂ ಆಗದು,
ನಟ್ಟು ಬೋಲ್ಟು ತೊಳೆಯಲು ಆದೀತು ಅಂದ.
ಖರ್ಚು ಮೂರು ಪಾಲಾಯಿತು. ಮೂರನೆಯ ಪಾಲು
ಮ್ಯಾನೇಜರರಿಂದ ಹೇಗೆ ಹೊರಟಿತೋ, ಆ ಹೆಂಗಸಿಗೇ ಗೊತ್ತು.

ಆಗಸ್ಟಿನಲ್ಲಿ, ಬೋಟು ನೀರಿಗಿಳಿದ ಮೇಲೆ, ಒಮ್ಮೆ ಬಂದರು.
ಇಳಿದು, ಮುಚ್ಚಳ ತೆರೆದು, ಪಕ್ಕದಲ್ಲಿ ನಿಂತರು.
ಬಾಯಿ ಬಿಡಲಿಲ್ಲ. ತುಟಿ ಬಿಗಿ ಹಿಡಿದು
ಪೆಟ್ರೋಲ್ ಪಂಪಿನತ್ತ ಬೆರಳು ತೋರಿಸಿದರು.
ಮೂತಿ ಸಲೀಸಾಗಿ ಒಳಗೆ ಹೋಯಿತು.
ಆದರೂ ಕೇಳಿದೆ: ಪೆಟ್ರೋಲಾ?
ತಲೆಯಾಡಿಸಿದರು.
ಪೆಟ್ರೋಲೇ ತಾನೆ?

ಈಗ ಎಲ್ಲರನ್ನೂ ಎರಡೆರಡು ಸಲ ಕೇಳುತ್ತೇನೆ,
ಸ್ಕೂಟರಿನವರನ್ನೂ. ಬೈಯುತ್ತಾರೆ.
ಝೀರೋ ನೋಡಿ ಅನ್ನುವುದು
ಕೆಲವೊಮ್ಮೆ ಮರೆತೇ ಹೋಗುತ್ತದೆ.