ಹೆಬ್ಬೆಟ್ಟು

ಮಾಪುಸಾ ಕಚೇರಿಯ ಎರಡನೇ ಮಹಡಿ,
ಟೋಕನ್ ಅರವತ್ತೆರಡು.
ಚೀಲದಲ್ಲಿ ಹಳೇ ಲೈಸೆನ್ಸು, ಮೂವತ್ತೊಂದಕ್ಕೆ ಸತ್ತದ್ದು,
ಚರ್ಮರೋಗವಿಲ್ಲವೆಂದು ಡಾಕ್ಟರ ಚೀಟಿ,
ಪೊಲೀಸರ ಕಾಗದ: ಈಕೆ ಸಭ್ಯಸ್ಥೆ.
ಬರೆಯುವ ಮುಂಚೆ ಎರಡು ಸಲ ಕೇಳಿದ್ದ,
'ಬರೀ ಮಾಲೀಶೇ ತಾನೆ?'

ಅವ್ವ ಹೆಬ್ಬೆಟ್ಟು.
ಇಂಡಿಯ ಬಾಣಂತಿ ಕೋಣೆಗಳಲ್ಲಿ
ಕೂಸುಗಳ ಬೆನ್ನು ನೀವಿ ನೀವಿ ನೆಟ್ಟಗೆ ಮಾಡಿದವಳು.
ಯಾರೂ ಕಾಗದ ಕೇಳಲಿಲ್ಲ;
ಒಂದು ಸೇರು ಜೋಳ, ಒಂದು ಕುಬಸದ ಕಣ.
ನಾನು ಮೂರು ತಿಂಗಳ ಕೋರ್ಸು ಮಾಡಿ
ಇನ್ನೂರಾರು ಎಲುಬು ಬಾಯಿಪಾಠ ಒಪ್ಪಿಸಿ
ಸಹಿ ಹಾಕಿದೆ: ಶರಣವ್ವ ಗಾಣಿಗೇರ,
ಕೊನೆಯ ಅಕ್ಷರಕ್ಕೆ ಉದ್ದ ಬಾಲ.

ಈಗ ಕಿಟಕಿಯಾಚೆಯವ ಸಹಿ ಸಾಲದು,
ಹೆಬ್ಬೆಟ್ಟಿಡು ಅನ್ನುತ್ತಾನೆ.
ಇಟ್ಟೆ. ಕೆಂಪು ದೀಪ.
ಸೆರಗಿಗೆ ಒರೆಸಿ ಇಟ್ಟೆ. ಕೆಂಪು.
'ಗೆರೆಗಳೇ ಇಲ್ಲವಲ್ಲ ಬಾಯಿ, ಎಲ್ಲಿ ಹೋದವು?'
ಎಲ್ಲಿ ಹೋದವು.
ಕಲಂಗುಟದಲ್ಲಿ ಹದಿನೇಳು ಸೀಸನ್ನು,
ಒಬ್ಬೊಬ್ಬರ ಬೆನ್ನಿಗೆ ಒಂದೊಂದು ಎಳೆ.
ಕೆಲವು ರಷ್ಯಾ ಸೇರಿರಬೇಕು,
ಒಂದಿಷ್ಟು ಪುಣೆಯ ಬ್ಯಾಂಕಿನವರ ಸೊಂಟದ ಜೊತೆ.

ಅವನ ಬಲ ಭುಜ ಎಡಕ್ಕಿಂತ ಬೆರಳಗಲ ಮೇಲಿದೆ.
ಕತ್ತು ಹೊರಳದೆ ಇಡೀ ಮೈ ತಿರುಗಿಸಿ
ಪ್ಯೂನನನ್ನು ಕರೆಯುತ್ತಾನೆ.
ಗಂಟು ಎಲ್ಲಿದೆಯೆಂದು ಇಲ್ಲಿಂದಲೇ ಗೊತ್ತು.
ಎರಡು ನಿಮಿಷದ ಕೆಲಸ.
ಆದರೆ ಇವತ್ತು ತಾರೀಕು ನಾಲ್ಕು,
ನನ್ನ ಕೈಗೆ ಅಪ್ಪಣೆಯಿಲ್ಲ.

'ಒಂದು ವಾರ ಎಣ್ಣೆ ಮುಟ್ಟಬೇಡ,' ಅಂದ,
'ಗೆರೆ ಮೂಡುತ್ತವೆ. ಆಮೇಲೆ ಬಾ.'

ಬಸ್ಸಿನಲ್ಲಿ ನಿಂತೇ ಬಂದೆ.
ಒಂದು ಕೈ ಮೇಲಿನ ಸರಳಿಗೆ,
ಇನ್ನೊಂದರ ಮುಷ್ಟಿಯೊಳಗೆ ಹೆಬ್ಬೆಟ್ಟು,
ಕೋಳಿ ಮೊಟ್ಟೆಗೆ ಕಾವು ಕೊಟ್ಟ ಹಾಗೆ.