ಇಂಗುವ ಹೊತ್ತು

ಜೋಡುಪಾಲ ದಾಟಿ, ಕೊಯನಾಡು ಇನ್ನೂ ಮುಟ್ಟದ ಕಡೆ,
ರಸ್ತೆ ಮೊಣಕೈ ಮಡಚುವಲ್ಲಿ
ಸ್ಕೂಟರು ನಿಲ್ಲಿಸಿ ಎರಡು ಕಬ್ಬಿಣದ ಬಳೆ ಇಳಿಸಿದೆ,
ಒಂದರೊಳಗೊಂದು ಕೂರುವಂಥವು.
ಸುತ್ತಿಗೆಯಲ್ಲಿ ಬಡಿದು ಮಣ್ಣಿಗೆ ತೊಡಿಸಿ
ನೀರು ಹೊಯ್ದು, ಗಡಿಯಾರ ಒತ್ತಿ ಕೂತೆ.

ಬೆರಳಗಲ ಇಂಗಲು ನಾಲ್ಕು ನಿಮಿಷ.
ನೀರಾದರೆ ನಾಲ್ಕು. ಡೀಸೆಲ್ಲಿಗೆ ಎಷ್ಟೋ, ಆಸಿಡ್ಡಿಗೆ ಎಷ್ಟೋ,
ಅದಕ್ಕೊಂದು ಪಟ್ಟಿ ಇದೆ, ನಮೂನೆಯ ಬೆನ್ನಿಗೆ.
ಇಳಿಜಾರು ಮೂವತ್ತೆಂಟು ಡಿಗ್ರಿ.
ಹತ್ತಿರದ ತೋಡಿಗೆ ಅರವತ್ತು ಹೆಜ್ಜೆ, ನನ್ನ ಹೆಜ್ಜೆಯಲ್ಲಿ.
ಹತ್ತು ವರ್ಷದಲ್ಲಿ ಸೋರಿಕೆ: ಸೊನ್ನೆ.
ದಾಖಲೆ ಹಾಗನ್ನುತ್ತದೆ.

ಎದುರಂಗಡಿಯ ಪೂವಕ್ಕ ಲೋಟ ತೊಳೆಯುವುದು ಬಿಟ್ಟು ಬಂದಳು.
"ಎಂಥ ಮಾರಾಯ್ತಿ, ನೆಲಕ್ಕೆ ಬಳೆ ತೊಡಿಸ್ತಿದ್ದಿ, ಸೀಮಂತವಾ?"
ಟ್ಯಾಂಕರು ಮಗುಚಿದರೆ ಅಂತ, ಅಂದೆ.
"ಮಗುಚಿದರೆ?"
ಆ 'ರೆ'ಯನ್ನು ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ
ಬಾಯಲ್ಲಿ ಹೊರಳಿಸುತ್ತ ಒಳಗೆ ಕರೆದಳು.

ದಾರಂದದ ತುಂಬ ಸುಣ್ಣದ ಗೀಟು. ಎಣಿಸಿದೆ, ಹತ್ತೊಂಬತ್ತು.
ಇದು ಹಾಲಿನದು, ನಾಯಿಗಳಿಗೆ ಹಬ್ಬ.
ಇದು ತಾಳೆ ಎಣ್ಣೆ, ಕೊಡ ಹಿಡಿದು ಊರೇ ಬಂತು,
ಮರುದಿನ ಅದರಲ್ಲೇ ಜಾರಿ ಬೈಕಿನ ಹುಡುಗನ ತೊಡೆ ಮುರಿಯಿತು.
ಇದು ಡಾಂಬರು, ಆ ಹಲಸಿನ ಬುಡದಲ್ಲಿ
ಈಗಲೂ ಮಾರ್ಚಿಗೆ ಮೆತ್ತಗಾಗುತ್ತದೆ.

ಒಂದು ಗೀಟು ಮಾತ್ರ ಮಸಿಯದು.
ಅದೇನು?
ಗೊತ್ತಿಲ್ಲ. ಬಣ್ಣ ಇರಲಿಲ್ಲ. ವಾಸನೆ ಮೊದಲಿಗೆ ಸಿಹಿ.
ಡ್ರೈವರು ಕನ್ನಡ ಬಾರದವ, ಬದುಕಿದ,
ಫೋನಿನಲ್ಲಿ ಯಾರಿಗೋ ಏನೋ ಹೇಳುತ್ತ ಅಳುತ್ತಿದ್ದ.
ಬೆಳಗಾಗುವುದರೊಳಗೆ ಕ್ರೇನು ಬಂತು, ಎತ್ತಿಕೊಂಡು ಹೋಯಿತು,
ಎರಡು ಲೋಡು ಮಣ್ಣು ಸುರಿದು ಮುಚ್ಚಿದರು.
ಪೇಪರಿನಲ್ಲಿ ಬರಲಿಲ್ಲ.

ಮೂರನೇ ರಾತ್ರಿ ತೋಡಿನಿಂದ ಏಡಿಗಳು ಹತ್ತಿ ಬಂದವು.
ಹೊಟ್ಟೆಯಡಿ ಮರಿ ಹೊತ್ತವು, ಒಂದು ಕೊಂಡಿ ಕಳೆದುಕೊಂಡವು,
ಬಂದು ರಸ್ತೆಯ ನಡುವೆ ನಿಂತವು,
ಮುಂದೆಲ್ಲಿಗೆ ಎಂದು ಯಾರೂ ಹೇಳಿರದ ಹಾಗೆ.
ಏಡಿ ಸಾರೆಂದರೆ ಪ್ರಾಣ ಬಿಡುವ ಅವಳ ಗಂಡ ಕೂಡ
ಬುಟ್ಟಿ ಮುಟ್ಟಲಿಲ್ಲ.
ಬೆಳಗಿನ ಬಸ್ಸು ಅವುಗಳ ಮೇಲೆ ಹಾದುಹೋದ ಸದ್ದು
ಬಾಣಲೆಯಲ್ಲಿ ಕಡಲೆ ಸಿಡಿದಂತೆ.
ಆ ಮಳೆಗಾಲ ಕಪ್ಪೆ ಕೂಗಿದ್ದು ಮೇಲಿನ ತೋಡಿನಲ್ಲಿ ಮಾತ್ರ.

ನನ್ನ ಹಾಳೆಯ ಲೆಕ್ಕ ಸುಲಭ: ಸಂಭವ ಗುಣಿಲೆ ಪರಿಣಾಮ.
ಸೊನ್ನೆಯಿಂದ ಗುಣಿಸಿದರೆ ಪಯಸ್ವಿನಿ ಸೊನ್ನೆ,
ಕೆಳಗಿನ ಬಾವಿಗಳೆಲ್ಲ ಸೊನ್ನೆ,
ಪೂವಕ್ಕ ಈ ಚಾಕ್ಕೆ ಇಟ್ಟ ನೀರೂ.
ಹೊಡೆದುಹಾಕಿ ಹತ್ತೊಂಬತ್ತು ಬರೆದೆ.
'ಆಧಾರ' ಎಂಬಲ್ಲಿ ಪೆನ್ನು ನಿಂತಿತು.
"ದಾರಂದ ಅಂತ ಬರಿ," ಅಂದಳು, ಚಾ ಬಗ್ಗಿಸುತ್ತ.
ಬರೆದೆ.

ಹೊರಗೆ ಬಂದು ನೋಡಿದರೆ ಬಳೆಯೊಳಗೆ ಹನಿ ಉಳಿದಿಲ್ಲ,
ಗಡಿಯಾರ ಓಡುತ್ತಲೇ ಇದೆ.
ಮೇಲಿನ ತಿರುವಿನಲ್ಲಿ ಯಾವುದೋ ಭಾರದ ಗಾಡಿ ಗೇರು ಇಳಿಸಿತು.
ಅದು ದಾಟಿ ಹೋಗುವವರೆಗೆ
ಇಬ್ಬರೂ ಮಾತಾಡಲಿಲ್ಲ.