ಮೂರು ಗಂಟೆ ಹತ್ತು ನಿಮಿಷ

ಹ್ಯಾಲಿಫ್ಯಾಕ್ಸಿನ ಕೌನ್ಸಿಲ್ಲು ಕೊಟ್ಟ ಬಿಲ್ಲೆ ಕೊರಳಲ್ಲಿ,
ಕೈಯಲ್ಲಿ ನೀಲಿ ರಟ್ಟಿನ ಪುಸ್ತಕ.
ಹನ್ನೊಂದು ವರ್ಷ ಅದೇ ನನ್ನ ಕಸುಬು:
ಕ್ಯಾಮೆರಾದ ಮುಂದಿರುವ ಮಗುವನ್ನು
ಕ್ಯಾಮೆರಾದ ಹಿಂದೆ ನಿಂತು ಕಾಯುವುದು.
ಬಂದ ಹೊತ್ತು, ಉಂಡ ಹೊತ್ತು, ಪಾಠ, ವಿರಾಮ
ಎಲ್ಲ ಬರೆಯಬೇಕು. ಅತ್ತದ್ದಕ್ಕೆ ಮಾತ್ರ
ಅಂಕಣ ಇರಲಿಲ್ಲ ಅಚ್ಚಾದ ಹಾಳೆಯಲ್ಲಿ.

ರೋರಿ ಥ್ಯಾಕ್ರೆಗೆ ಆಗ ಆರು.
ಕಾಲುವೆ ಪಕ್ಕದ ಹಳೆಯ ಉಣ್ಣೆ ಗಿರಣಿಯಲ್ಲಿ
ಯುದ್ಧಕಾಲದ ಅನಾಥನ ಪಾತ್ರ.
ಒಂದು ಮಧ್ಯಾಹ್ನ, ಮಾತಿನ ನಡುವೆ,
ಮುಂದಿನ ಹಲ್ಲು ಕಳಚಿ ಬಿತ್ತು.
ಬೆಳಗ್ಗೆ ತೆಗೆದ ಅರ್ಧ ದೃಶ್ಯದಲ್ಲಿ ಹಲ್ಲಿದೆ;
ಉಳಿದರ್ಧಕ್ಕೆ ಇಲ್ಲ.
ನಲವತ್ತು ಮಂದಿ, ದೀಪ ಹಿಡಿದವರು, ಗಡ್ಡದ ನಿರ್ದೇಶಕರೂ,
ಮೊಣಕಾಲೂರಿ ನೆಲ ತಡಕಿದರು.
ಹುಡುಗ ಅಂದ: "ನಾನೇ ನುಂಗಿರಬೇಕು."
ಎಲ್ಲರೂ ನಕ್ಕರು. ನಾನು ಗಡಿಯಾರ ನೋಡಿ ಬರೆದುಕೊಂಡೆ.

ಮರುದಿನ ಬ್ರಾಡ್‌ಫರ್ಡ್‌ನಿಂದ ಬಂತು ಸುಳ್ಳುಹಲ್ಲು,
ಅಕ್ಕಿಕಾಳಿನಷ್ಟು. ಅದರ ಹಿಂದೆ
ನಿಜದ್ದು ಮೂಡಿ ಒತ್ತುತ್ತಿದ್ದರೂ
ಹುಡುಗ ಎರಡು ತಿಂಗಳು ಆರರಲ್ಲೇ ಇದ್ದ.
ಊಟಕ್ಕೆ ಮುಂಚೆ ಅದನ್ನು ನನ್ನ ಅಂಗೈಗೆ ಉಗುಳುತ್ತಿದ್ದ,
ಬಿಸಿಬಿಸಿ, ಸಾಲ ತೀರಿಸಿದ ಹಾಗೆ.

ಆಮೇಲೆ ಲಂಡನ್ನು. ಮಾಟಗಾರನ ಶಿಷ್ಯ, ದೊರೆಯ ಕಿರಿಮಗ,
ದನಿ ಒಡೆದ ವರ್ಷ ಏನೂ ಇಲ್ಲ,
ಹತ್ತೊಂಬತ್ತಕ್ಕೆ ಟೂತ್‌ಪೇಸ್ಟಿನ ಜಾಹೀರಾತು. ನಕ್ಕೆ, ಒಬ್ಬಳೇ.
ಬಸ್ಸಿನ ಬೆನ್ನ ಮೇಲೆ ಒಮ್ಮೆ ಅವನ ಮುಖ
ನನ್ನ ನಿಲ್ದಾಣದಲ್ಲಿ ನಿಲ್ಲದೆ ಹೋಯಿತು.

ಕಳೆದ ಗುರುವಾರ ಬಾಗಿಲು ತಟ್ಟಿದ. ಈಗ ಇಪ್ಪತ್ತಮೂರು.
ಚಹಾ ಆರಿತು. "ಮಿಸೆಸ್ ಆಕ್ರಾಯ್ಡ್, ಒಂದು ಕೇಳಬೇಕು:
ಕಾಲುವೆಗೆ ಬಿದ್ದದ್ದು ನಾನೋ, ಆ ಅನಾಥನೋ?
ನೀರಿನ ರುಚಿ ನೆನಪಿದೆ. ಅಮ್ಮ ಬಿದ್ದೆ ಅನ್ನುತ್ತಾಳೆ,
ಆದರೆ ಅಮ್ಮ ಆ ಸಿನಿಮಾ ಬಹಳ ಸಲ ನೋಡಿದ್ದಾಳೆ."

ಅಟ್ಟದಿಂದ ಪುಸ್ತಕ ತಂದೆ.
ಕಾಲುವೆಯ ದಿನ ಸಿಕ್ಕಿತು: "ಗೊಂಬೆ ಬಳಸಿದರು.
ರೋರಿ ವ್ಯಾನಿನಲ್ಲಿ, ಗಣಿತ, ಒಂದೂವರೆ ಗಂಟೆ."
ಏನೋ ಕಳಕೊಂಡವನಂತೆ ಸುಮ್ಮನಾದ.
ನನಗೇ ಕೆಡುಕೆನಿಸಿತು. ಪುಟ ಹಿಂದೆ ಮಗುಚಿದೆ:
"ಮೂರು ಹತ್ತು. ಹಲ್ಲು ಬಿತ್ತು. ಚಿತ್ರೀಕರಣ ನಿಂತಿತು."
"ಇದು?" ಅಂದ.
"ಇದು ನೀನೇ" ಅಂದೆ.

ಎರಡು ಸಲ ಓದಿದ, ಬೆರಳಿಟ್ಟು.
ಆಮೇಲೆ, ಯಾರೂ ಹೇಳದೆ, ಅವನ ನಾಲಿಗೆ
ಮುಂದಿನ ಹಲ್ಲಿನ ಹಿಂದೆ ಹೋಗಿ ತಡಕಿತು.

ಮರುದಿನ ಲೀಡ್ಸಿನಲ್ಲಿ ಆಡಿಷನ್. ಅಪ್ಪನ ಪಾತ್ರವಂತೆ,
ಮಗುವೊಂದರ ಜೊತೆ.
"ಅದನ್ನು ಕಾಯುವವರು ಯಾರಿದ್ದಾರೆ?" ಕೇಳಿದೆ.
ಗೊತ್ತಿಲ್ಲ ಅಂದ. ಕೋಟು ಹಾಕಿಕೊಳ್ಳುತ್ತ,
ಕೇಳುತ್ತೇನೆ ಅಂದ.